ಒಂಬತ್ತನೇ ಕ್ಲಾಸಿನ ಮಗಳಿಗೆ ದೆವ್ವದ ಕಾದಂಬರಿ: ಮುಂದೆ ಯಾವುದು ಕೊಡಲಿ?

ಉರ್ವದ ಅಮ್ಮ

ಎಲ್ಲರಿಗೂ ನಮಸ್ಕಾರ. ಇಲ್ಲಿ ಪುಸ್ತಕ ಓದುವವರು, ಮಕ್ಕಳಿಗೆ ಓದಿಸುವವರು ಜಾಸ್ತಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ಮಗಳಿಗೆ ಈಗ ಹದಿನಾಲ್ಕು. ಮೇ ರಜೆಯಲ್ಲಿ ಅವಳ ಅತ್ತೆ ಮಗಳು ಹಾಸ್ಟೆಲಿನಿಂದ ಬರುವಾಗ 'ಟ್ವೈಲೈಟ್' ತಂದುಕೊಟ್ಟಳು, ರಕ್ತಪಿಶಾಚಿಯನ್ನು ಪ್ರೀತಿಸುವ ಹುಡುಗಿಯ ಇಂಗ್ಲಿಷ್ ಕಾದಂಬರಿ. ಪಠ್ಯಪುಸ್ತಕ ಬಿಟ್ಟು ಬೇರೆ ಹತ್ತು ಪುಟ ಓದದ ಹುಡುಗಿ, ಆ ಸರಣಿಯ ನಾಲ್ಕೂ ಪುಸ್ತಕಗಳನ್ನು ಹದಿನೆಂಟು ದಿನಗಳಲ್ಲಿ ಮುಗಿಸಿದಳು. ಈಗ ದಿನಾ ಒಂದೇ ಮಾತು, "ಇಂಥದ್ದೇ ಇನ್ನೊಂದು ಕೊಡಿಸು".

ಓದುತ್ತಾಳಲ್ಲ ಅಂತ ಖುಷಿಯೇ. ಆದರೆ ಮಾರ್ಚ್‌ನಲ್ಲಿ ನಮ್ಮ ಮಾವ ತೀರಿಕೊಂಡರು. ಇವಳು ಅಜ್ಜನ ಜೊತೆಗೇ ಬೆಳೆದವಳು. ಸಂಜೆ ಜಗಲಿಯಲ್ಲಿ ಇಬ್ಬರೂ ಕೂತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದರು. ಅಜ್ಜ ಹೋದಾಗ ಇವಳು ಅಳಲಿಲ್ಲ. ಈಗ ನಮ್ಮ ಅತ್ತೆ ಹೇಳುತ್ತಾರೆ, ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ದೆವ್ವದ ಪುಸ್ತಕ ಬೇಡ, ಇನ್ನು ಸತ್ತವರಿಗೆ ಬಡಿಸುವ ಆಟಿ ತಿಂಗಳು ಬೇರೆ ಬರುತ್ತದೆ ಅಂತ.

ಕಳೆದ ವಾರ ರಾತ್ರಿ ಒಂದು ಗಂಟೆಗೆ ಎದ್ದು ನೋಡಿದರೆ ಹೊದಿಕೆ ಒಳಗೆ ಟಾರ್ಚ್ ಉರಿಯುತ್ತಿತ್ತು. ಎರಡನೇ ಸಲ ಓದುತ್ತಿದ್ದಳು. ನಾನು ಬಯ್ಯುವ ಮೊದಲೇ ಕೇಳಿದಳು, "ಅಮ್ಮ, ಸತ್ತವರಿಗೆ ನಾವು ಮಾತಾಡುವುದು ಕೇಳಿಸ್ತದಾ?" ನನಗೆ ಉತ್ತರ ಹೊಳೆಯಲಿಲ್ಲ. ಟಾರ್ಚ್ ಆರಿಸಿ ಪಕ್ಕದಲ್ಲಿ ಮಲಗಿದೆ.

ಇಂಥ ಪುಸ್ತಕ ಕೊಡುವುದೇ ನಿಲ್ಲಿಸಬೇಕಾ? ಕೊಡುವುದಾದರೆ ಯಾವುದು? ಕನ್ನಡದಲ್ಲಿ ಏನಾದರೂ ಉಂಟಾ? ದಯವಿಟ್ಟು ಹೇಳಿ.

ಸುರತ್ಕಲ್‌ನ ಅಪ್ಪ

ಅಕ್ಕ, ನಾನಾದರೆ ನಿಲ್ಲಿಸುತ್ತೇನೆ. ನನ್ನ ಮಗ ಏಳನೇ ಕ್ಲಾಸಿನಲ್ಲಿ ಮೊಬೈಲಿನಲ್ಲಿ ಹಾರರ್ ವಿಡಿಯೋ ನೋಡಿ ಎರಡು ತಿಂಗಳು ಲೈಟ್ ಆರಿಸಲು ಬಿಡಲಿಲ್ಲ. ಬಾತ್‌ರೂಮಿಗೆ ಹೋಗುವಾಗಲೂ ನಾನು ಹೊರಗೆ ನಿಲ್ಲಬೇಕಿತ್ತು. ಮತ್ತೆ ನಮ್ಮದು ದೈವ ನಂಬಿದ ಮನೆ. ವರ್ಷಕ್ಕೊಮ್ಮೆ ಕೋಲ ಆಗುತ್ತದೆ. ಅದರ ನಡುವೆ ಈ ರಕ್ತ ಕುಡಿಯುವ ಕಥೆಗಳೆಲ್ಲ ಮಕ್ಕಳ ತಲೆಯಲ್ಲಿ ಬೆರೆತರೆ ಸರಿಯಲ್ಲ ಅಂತ ನನ್ನ ಅಭಿಪ್ರಾಯ.

ಬ್ರಹ್ಮಾವರದ ಟೀಚರ್

ಉರ್ವದ ಅಮ್ಮ, ನಿಲ್ಲಿಸಬೇಡಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ.

ನಾನು ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದವಳು. ಈಗ ಶನಿವಾರಗಳಲ್ಲಿ ನಮ್ಮ ಪಂಚಾಯತಿನ ಗ್ರಂಥಾಲಯ, ಅರಿವು ಕೇಂದ್ರದಲ್ಲಿ ಮಕ್ಕಳ ಜೊತೆ ಕೂರುತ್ತೇನೆ. ಅಲ್ಲಿ ಕಿಟಕಿ ಪಕ್ಕದ ಒಂದು ಶೆಲ್ಫ್ ಪೂರ್ತಿ ದೆವ್ವ, ಮಾಟಗಾತಿ, ಸತ್ತು ಬಂದವರು, ಸಾಯದೇ ಉಳಿದವರು. ಹೆಚ್ಚಿನವು ನಾನೇ ಕೊಂಡದ್ದು, ಉಳಿದವು ಯಾರ್‍ಯಾರೋ ಕೊಟ್ಟದ್ದು. ಆ ಕೋಣೆಯಲ್ಲಿ ಬೈಂಡ್ ಕಿತ್ತುಹೋದ ಪುಸ್ತಕಗಳು ಜಾಸ್ತಿ ಇರುವುದು ಅದೇ ಶೆಲ್ಫಿನಲ್ಲಿ. ಒಂದು ಪುಸ್ತಕದ ನೂರನೇ ಪುಟದ ಹತ್ತಿರ ಗೋಳಿಬಜೆಯ ಎಣ್ಣೆಯ ಬೆರಳಚ್ಚು ಉಂಟು. ತಿನ್ನುವ ಕೈ ಒರೆಸುವಷ್ಟೂ ಪುರುಸೊತ್ತು ಇರಲಿಲ್ಲ ಆ ಮಗುವಿಗೆ.

ಮಕ್ಕಳಿಗೆ ಇಂಥ ಪುಸ್ತಕ ಕೊಡುವ ಮೊದಲು ಜನ ಕೇಳುವುದು, "ಎಷ್ಟು ಹೆದರಿಕೆ ಆಗ್ತದೆ?" ಅಂತ. ನಾನು ಬೇರೆ ಒಂದು ಪ್ರಶ್ನೆ ಕೇಳುತ್ತೇನೆ. ಆ ದೆವ್ವಕ್ಕೆ ಎಂಥ ಬೇಕು? ನಮ್ಮ ಊರಿನಲ್ಲಿ ಮನೆಗೆ ತೊಂದರೆ ಬಂದರೆ ಹಿರಿಯರು ಜ್ಯೋತಿಷಿಗಳ ಹತ್ತಿರ ಪ್ರಶ್ನೆ ಇಡಿಸುತ್ತಾರಲ್ವಾ? ಕುಲೆ, ಅಂದರೆ ಸತ್ತವರ ಆತ್ಮ, ಕಾಣಿಸಿಕೊಂಡರೆ ಓಡಿಸುವ ಮಾತು ಆಮೇಲೆ. ಏನು ಬಾಕಿ ಉಂಟು, ಏನು ಕೇಳುತ್ತದೆ ಅಂತ ಮೊದಲು ವಿಚಾರಿಸುತ್ತಾರೆ. ಪುಸ್ತಕಕ್ಕೂ ಅದನ್ನೇ ಮಾಡಿ. ಓದಿ ಮುಗಿಸಿದ ಮಕ್ಕಳು ನಮ್ಮ ರಿಜಿಸ್ಟರಿನಲ್ಲಿ ಅದೊಂದೇ ಸಾಲು ಬರೆಯಬೇಕು. 'ಕೋರಲೈನ್' ಎಂಬ ಹುಡುಗಿಯ ಕಥೆ ಓದಿದ ಏಳನೇ ಕ್ಲಾಸಿನ ಹುಡುಗನೊಬ್ಬ ಬರೆದಿದ್ದ: "ಅದಕ್ಕೆ ಇವಳ ಅಮ್ಮ ಆಗಬೇಕಿತ್ತು. ಅಡುಗೆ ಒಳ್ಳೆಯದು ಮಾಡ್ತದೆ, ಆದರೆ ಕಣ್ಣಿಗೆ ಬಟನ್ ಹೊಲಿಯಲು ಬರ್ತದೆ." ಇಷ್ಟು ತಿಳಿದರೆ ಅವನಿಗೆ ಆ ಪುಸ್ತಕ ದಕ್ಕಿತು ಅಂತಲೇ ಅರ್ಥ.

ಹೀಗೆ ನೋಡಿದರೆ 'ಟ್ವೈಲೈಟ್'ನ ರಕ್ತಪಿಶಾಚಿಗೆ ಬೇಕಾದದ್ದು ಆ ಹುಡುಗಿಯೇ. ಹುಡುಗಿಗೂ ಅವನೇ ಬೇಕು, ಸತ್ತರೂ ಸರಿ. ಹದಿನಾಲ್ಕು ವರ್ಷದ ಮನಸ್ಸಿಗೆ ಅದು ಯಾಕೆ ಹಿಡಿಸುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತಾಗುತ್ತದೆ. ಅವನಿಗೆ ಸಾವಿಲ್ಲ, ಬಿಟ್ಟು ಹೋಗುವುದಿಲ್ಲ. ಮಾರ್ಚ್‌ನಲ್ಲಿ ಅಜ್ಜನನ್ನು ಕಳೆದುಕೊಂಡವಳಿಗೆ ಅದು ಎಷ್ಟು ದೊಡ್ಡ ಮಾತು! ನೀವು ಒಂದು ವಿಷಯ ಮಾತ್ರ ಅವಳ ಜೊತೆ ಮಾತಾಡಿ. ಅವನು ಹೇಳದೆ ಕೇಳದೆ ಹುಡುಗಿಯ ಕೋಣೆಗೆ ಬಂದು ಅವಳು ಮಲಗಿರುವುದನ್ನು ನೋಡುತ್ತಾ ನಿಲ್ಲುತ್ತಾನೆ. ಕಥೆಯಲ್ಲಿ ಅದು ಪ್ರೀತಿ. ನಮ್ಮ ಬೀದಿಯಲ್ಲಿ ಯಾವ ಹುಡುಗನಾದರೂ ಹಾಗೆ ಮಾಡಿದರೆ ಏನನ್ನುತ್ತೀ ಅಂತ ಕೇಳಿ. ಬಯ್ಯಬೇಡಿ, ಸುಮ್ನೆ ಕೇಳಿ. ಮಕ್ಕಳು ತುಂಬ ಚೆನ್ನಾಗಿ ಉತ್ತರ ಕೊಡುತ್ತಾರೆ.

ಮುಂದಿನ ಪುಸ್ತಕ 'ದಿ ಗ್ರೇವ್‌ಯಾರ್ಡ್ ಬುಕ್'. ನೀಲ್ ಗೈಮನ್ ಬರೆದದ್ದು, 2008ರದ್ದು. ಅಮೆರಿಕದ ನ್ಯೂಬೆರಿ ಪದಕ, ಬ್ರಿಟನ್ನಿನ ಕಾರ್ನೆಗಿ ಪದಕ ಎರಡೂ ಅದಕ್ಕೆ ಬಂದಿವೆ. ಮನೆಯವರೆಲ್ಲ ಕೊಲೆಯಾದ ರಾತ್ರಿ ಆಗಷ್ಟೇ ನಡೆಯಲು ಕಲಿತ ಕೂಸೊಂದು ಗುಡ್ಡ ಹತ್ತಿ ಹಳೆಯ ಸ್ಮಶಾನಕ್ಕೆ ಬರುತ್ತದೆ. ಅಲ್ಲಿನ ಸತ್ತವರೇ ಅದನ್ನು ಸಾಕುತ್ತಾರೆ. ಅವರಲ್ಲಿ ಮಕ್ಕಳಿಲ್ಲದೆ ಸತ್ತ ಗಂಡ ಹೆಂಡತಿ ಅವನಿಗೆ ಅಪ್ಪ ಅಮ್ಮ. ಕಾಡಿನ ಪ್ರಾಣಿಗಳು ಸಾಕಿದ ಮೋಗ್ಲಿಯ ಕಥೆ ಗೊತ್ತಲ್ಲ, ಅದನ್ನೇ ಮನಸ್ಸಿನಲ್ಲಿ ಇಟ್ಟುಕೊಂಡು ಬರೆದದ್ದು.

ಆ ದೆವ್ವಗಳಿಗೆ ಎಂಥ ಬೇಕು? ಹುಡುಗ ಬೆಳೆಯಬೇಕು, ಅಷ್ಟೇ. ಅಕ್ಷರ ಕಲಿಸುತ್ತವೆ, ಮಾಯವಾಗಲು ಕಲಿಸುತ್ತವೆ, ಹೊರಗಿನವರಿಂದ ಕಾಯುತ್ತವೆ. ಒಂದು ಅಧ್ಯಾಯದಲ್ಲಿ ಮಾಟಗಾತಿ ಅಂತ ಕೊಂದು, ಹೆಸರಿನ ಕಲ್ಲೂ ಇಡದೆ ಹೂತ ಹುಡುಗಿ ಸಿಗುತ್ತಾಳೆ. ಅವಳಿಗೊಂದು ಕಲ್ಲು ತರಬೇಕು ಅಂತ ಇವನು ಮೊದಲ ಬಾರಿಗೆ ಊರೊಳಗೆ ಹೋಗುತ್ತಾನೆ. ಅದನ್ನು ಮಕ್ಕಳ ಎದುರು ಗಟ್ಟಿಯಾಗಿ ಓದುವಾಗ ನನ್ನ ಸ್ವರ ಪ್ರತಿ ಸಲ ಸ್ವಲ್ಪ ನಿಲ್ಲುತ್ತದೆ.

ಕೊನೆಯನ್ನು ನಿಮಗೆ ಹೇಳುತ್ತೇನೆ, ಮಗಳಿಗೆ ಹೇಳಬೇಡಿ. ಹದಿನೈದರ ಹೊತ್ತಿಗೆ ಅವನಿಗೆ ಸತ್ತವರು ಕಾಣುವುದು ಕಮ್ಮಿಯಾಗುತ್ತದೆ. ಅವರ ಸ್ವರ ಕೇಳಿಸುವುದು ನಿಲ್ಲುತ್ತದೆ. ಸಾಕಿದ ಅಮ್ಮ ಗೇಟಿನವರೆಗೆ ಬಂದು ಅವನನ್ನು ಬದುಕಿರುವವರ ಕಡೆ ಕಳಿಸಿಕೊಡುತ್ತಾಳೆ. ನಿಮ್ಮ ಮಗಳು ರಾತ್ರಿ ಒಂದು ಗಂಟೆಗೆ ಕೇಳಿದ ಪ್ರಶ್ನೆ ಅಲ್ಲಿ ಉಂಟು. ಉತ್ತರ ಅಂತ ಒಂದು ಸಾಲು ಸಿಗುವುದಿಲ್ಲ, ಆದರೆ ಆ ಪ್ರಶ್ನೆಯ ಜೊತೆ ಮುನ್ನೂರು ಪುಟ ಕಳೆಯಲು ಸಿಗುತ್ತದೆ.

ಎರಡು ಎಚ್ಚರಿಕೆ. ಮೊದಲ ಪುಟವೇ ಕತ್ತಲೆ, ಒಂದು ಕೈ, ಕೈಯಲ್ಲಿ ಚೂರಿ. ಅದನ್ನು ನೀವು ಜೊತೆಗೆ ಕೂತು ಹಗಲಲ್ಲಿ ಓದಿ. ಆಮೇಲೆ ಅವಳೇ ಓದುತ್ತಾಳೆ. ಒಟ್ಟು ಎಂಟು ಅಧ್ಯಾಯ, ಒಂದೊಂದೂ ಒಂದು ಪೂರ್ತಿ ಕಥೆಯ ಹಾಗೆ. ದಿನಕ್ಕೊಂದು ಸಾಕು. ಟಾರ್ಚ್ ನಿಮ್ಮ ಹತ್ತಿರ ಇರಲಿ.

'ಎ ಮಾನ್‌ಸ್ಟರ್ ಕಾಲ್ಸ್' ಅಂತ ಯಾರಾದರೂ ಇಲ್ಲಿ ಹೇಳಬಹುದು. ನಾನು ಓದಿದ ಪುಸ್ತಕಗಳಲ್ಲಿ ಅದರಷ್ಟು ಪ್ರಾಮಾಣಿಕವಾದದ್ದು ಕಮ್ಮಿ. ಬರೆದವರು ಪ್ಯಾಟ್ರಿಕ್ ನೆಸ್, 2011ರಲ್ಲಿ ಬಂತು. ಮೂಲ ಕಲ್ಪನೆ ಶಿವೋನ್ ಡೌಡ್ ಎಂಬ ಲೇಖಕಿಯದ್ದು. ಅವರು ಕ್ಯಾನ್ಸರಿನಿಂದ ತೀರಿಕೊಂಡದ್ದರಿಂದ ಬರೆಯಲು ಆಗಲಿಲ್ಲ. ಹದಿಮೂರರ ಹುಡುಗ, ಕಾಯಿಲೆ ಬಿದ್ದ ಅಮ್ಮ, ರಾತ್ರಿ 12 ಗಂಟೆ 7 ನಿಮಿಷಕ್ಕೆ ಕಿಟಕಿಗೆ ಬರುವ ಮರದ ದೈತ್ಯ. ಆ ದೈತ್ಯ ಮೂರು ಕಥೆ ಹೇಳುತ್ತದೆ. ನಾಲ್ಕನೆಯದನ್ನು ಹುಡುಗ ಹೇಳಬೇಕು, ಅದು ನಿಜ ಇರಬೇಕು. ದೈತ್ಯಕ್ಕೆ ಬೇಕಾದದ್ದು ನಿಜ ಮಾತ್ರ.

ಅದನ್ನು ಈಗ ಕೊಡಬೇಡಿ. ನಾನು ತಪ್ಪು ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ. ನಾಲ್ಕು ವರ್ಷದ ಹಿಂದೆ ಎಂಟನೇ ಕ್ಲಾಸಿನ ಹುಡುಗನಿಗೆ, ಚೆನ್ನಾಗಿ ಓದುತ್ತಾನೆ ಅಂತ ಅದನ್ನು ಕೊಟ್ಟೆ. ಅವನ ಅಮ್ಮ ಆಗ ಆಸ್ಪತ್ರೆಯಲ್ಲಿದ್ದರು. ನನಗೆ ಗೊತ್ತಿರಲಿಲ್ಲ, ನಾನು ಕೇಳಿಯೂ ಇರಲಿಲ್ಲ. ಮರುದಿನವೇ ಪುಸ್ತಕ ತಂದು ಮೇಜಿನ ಮೇಲಿಟ್ಟು, ಒಂದು ಮಾತೂ ಆಡದೆ ಹೋದ. ಎರಡು ತಿಂಗಳು ಈ ಕಡೆ ಬರಲಿಲ್ಲ. ಆ ಎರಡು ತಿಂಗಳು ಪ್ರತಿ ಶನಿವಾರ ಬಾಗಿಲಿನ ಕಡೆ ನೋಡುತ್ತಿದ್ದೆ. ಈಗ ಯಾವ ಮಗುವಿಗೂ ಮನೆಯಲ್ಲಿ ಎಲ್ಲರೂ ಹೇಗಿದ್ದಾರೆ ಅಂತ ಕೇಳದೆ ಆ ಶೆಲ್ಫಿನಿಂದ ಪುಸ್ತಕ ತೆಗೆದುಕೊಡುವುದಿಲ್ಲ.

ಅಜ್ಜರಕಾಡಿನ ಓದುಗಿ

ನಾನು ಸೆಕೆಂಡ್ ಪಿಯುಸಿ. ನನ್ನದೂ ಒಂದು ಹೇಳಲಾ? 'ಮಿಸ್ ಪೆರೆಗ್ರಿನ್ಸ್ ಹೋಮ್ ಫಾರ್ ಪೆಕ್ಯೂಲಿಯರ್ ಚಿಲ್ಡ್ರನ್'. ರ್‍ಯಾನ್ಸಮ್ ರಿಗ್ಸ್ ಬರೆದದ್ದು. ಒಳಗೆ ಹಳೇ ಕಾಲದ ಕಪ್ಪುಬಿಳುಪು ಫೋಟೋಗಳು ಇರುತ್ತವೆ. ನೆಲ ಬಿಟ್ಟು ಗಾಳಿಯಲ್ಲಿ ತೇಲುವ ಹುಡುಗಿ, ಹಾಗೆಲ್ಲ. ಅವು ನಿಜವಾದ ಹಳೇ ಫೋಟೋಗಳು, ಸಂಗ್ರಹ ಮಾಡುವವರ ಹತ್ತಿರ ಹುಡುಕಿ ತೆಗೆದದ್ದು. ನಾನು ಮೊದಲು ಫೋಟೋ ಮಾತ್ರ ನೋಡಿದೆ, ಆಮೇಲೆ ತಡೆಯಲಾಗದೆ ಓದಿದೆ.

ಹದಿನಾರರ ಹುಡುಗ. ಅಜ್ಜ ಹೇಳುತ್ತಿದ್ದ ಕಥೆಗಳನ್ನು ಚಿಕ್ಕವನಿದ್ದಾಗ ನಂಬಿದ್ದ, ದೊಡ್ಡವನಾದ ಮೇಲೆ ಸುಳ್ಳು ಅಂತ ಬಿಟ್ಟಿದ್ದ. ಅಜ್ಜ ಸತ್ತ ಮೇಲೆ ವೇಲ್ಸ್ ಹತ್ತಿರದ ದ್ವೀಪಕ್ಕೆ ಹೋಗಿ ನೋಡಿದರೆ, ಅಲ್ಲಿ 1940ರ ಸೆಪ್ಟೆಂಬರ್ 3 ದಿನಾ ದಿನಾ ಮತ್ತೆ ಬರುತ್ತದೆ! ಆದರೆ ಆಂಟಿ, ಅಜ್ಜ ಸಾಯುವ ಸೀನ್ ಕೆಟ್ಟದಾಗಿದೆ, ರಕ್ತ ಉಂಟು. ಅದು ಶುರುವಿನಲ್ಲೇ ಬರುತ್ತದೆ. ನಿಮ್ಮ ಮಗಳಿಗೆ ಮೊದಲೇ ಹೇಳಿ ಕೊಡಿ. ಟೀಚರ್ ಕೇಳಿದ ಹಾಗೆ ಹೇಳುವುದಾದರೆ, ಅಲ್ಲಿ ಸತ್ತ ಅಜ್ಜನಿಗೆ ಬೇಕಾದದ್ದು ಮೊಮ್ಮಗ ತನ್ನ ಕಥೆ ನಂಬಬೇಕು ಅಂತ.

ಮತ್ತೆ ಒಂದು ಮಾತು. ನಾನು ಅಜ್ಜಿ ಹೋದಾಗ ಅತ್ತಿರಲಿಲ್ಲ. ಈ ಪುಸ್ತಕ ಓದುವಾಗ ಸಿಟಿ ಬಸ್ಸಿನಲ್ಲಿ ಕಲ್ಸಂಕದಿಂದ ಮಣಿಪಾಲದವರೆಗೂ ಅತ್ತೆ.

ಸುರತ್ಕಲ್‌ನ ಅಪ್ಪ

ಟೀಚರ್, ನೀವು ಹೇಳಿದ್ದು ಎರಡು ಸಲ ಓದಿದೆ. ಆದರೆ ದೈವದ ವಿಷಯಕ್ಕೆ ನೀವು ಉತ್ತರ ಕೊಡಲಿಲ್ಲ. ಮಗ ಮೊನ್ನೆ ಕೇಳಿದ, ಪಂಜುರ್ಲಿ, ಗುಳಿಗ ಎಲ್ಲ ಘೋಸ್ಟಾ ಅಂತ. ನನಗೆ ಬೇಸರ ಆಯಿತು.

ಬ್ರಹ್ಮಾವರದ ಟೀಚರ್

ನಿಮಗೆ ಬೇಸರ ಆದದ್ದು ಸರಿಯೇ. ನಮ್ಮ ಶೆಲ್ಫಿನಲ್ಲಿ ದೈವಗಳ ಪುಸ್ತಕ ಇಡುವುದಿಲ್ಲ. ದೈವಗಳ ಕಥೆ ಹಾಡುವ ಪಾಡ್ದನದ ಪುಸ್ತಕಗಳಿಗೆ ಬೇರೆಯೇ ಜಾಗ, ಮೇಲಿನ ಹಲಗೆ.

ಎಡವಟ್ಟು ಆಗುವುದು ಒಂದು ಪದದಿಂದ. 'ಘೋಸ್ಟ್' ಅಂದರೆ ಭೂತ ಅಂತ ಮಕ್ಕಳಿಗೆ ಹೇಳಿಬಿಡುತ್ತೇವೆ. ಘಟ್ಟದ ಮೇಲೆ ಭೂತ ಅಂದರೆ ದೆವ್ವ. ನಮ್ಮಲ್ಲಿ ಭೂತ ಅಂದರೆ ಮಾತು ಕೊಡುವ, ನ್ಯಾಯ ಹೇಳುವ, ಊರು ಕಾಯುವ ಶಕ್ತಿ. ಎರಡೂ ಒಂದೇ ಪದವಾದರೆ ಮಗು ಏನು ಮಾಡಬೇಕು? ನಾನು ಮಕ್ಕಳಿಗೆ ಹೀಗೆ ಹೇಳುತ್ತೇನೆ: ಸತ್ತವರು ಕುಲೆ, ಇಂಗ್ಲಿಷ್ ಪುಸ್ತಕದ ಘೋಸ್ಟ್ ಅದರ ಹತ್ತಿರದ್ದು. ದೈವ ಬೇರೆ. ಇಷ್ಟು ಹೇಳಿದರೆ ಮಕ್ಕಳು ಬೆರೆಸುವುದಿಲ್ಲ. ಬೆರೆಸುವುದು ಹೇಳದೆ ಬಿಟ್ಟಾಗ.

ವಿಡಿಯೋ ಮತ್ತು ಪುಸ್ತಕವನ್ನೂ ಒಂದೇ ಮಾಡಬೇಡಿ. ವಿಡಿಯೋದಲ್ಲಿ ಮುಖ ಯಾವಾಗ ಎದುರಿಗೆ ಹಾರಬೇಕು ಅಂತ ಬೇರೆಯವರು ತೀರ್ಮಾನಿಸಿರುತ್ತಾರೆ. ಪುಸ್ತಕದಲ್ಲಿ ಪುಟ ತಿರುಗಿಸುವುದು ಮಗುವಿನ ಬೆರಳು. ಸಾಕಾದರೆ ಮುಚ್ಚಿ ದಿಂಬಿನಡಿ ಇಡಬಹುದು. ಆದರೂ ನಿಮ್ಮ ಮಗನಿಗೆ ಈಗಲೇ ದೊಡ್ಡದು ಬೇಡ. ರಸ್ಕಿನ್ ಬಾಂಡ್ ಅವರ 'ಎ ಫೇಸ್ ಇನ್ ದ ಡಾರ್ಕ್' ಎರಡು ಮೂರು ಪುಟದ ಕಥೆ. ಶಿಮ್ಲಾದ ಕಾಡುದಾರಿಯಲ್ಲಿ ಮೇಷ್ಟ್ರಿಗೆ ಅಳುತ್ತಾ ಕೂತ ಹುಡುಗ ಸಿಗುತ್ತಾನೆ, ಅಷ್ಟೇ. ಆ ದೆವ್ವಕ್ಕೆ ಏನೂ ಬೇಡ, ಅದಕ್ಕೇ ಅಷ್ಟು ಭಯ. ಮಧ್ಯಾಹ್ನ ಊಟ ಆದ ಮೇಲೆ ಇಬ್ಬರೂ ಒಟ್ಟಿಗೆ ಓದಿ.

ಉರ್ವದ ಅಮ್ಮ, ನೀವು ಕನ್ನಡದ್ದು ಕೇಳಿದ್ದಿರಿ. ಇದು ನನಗೆ ನಿಜಕ್ಕೂ ನೋವಿನ ವಿಷಯ. ಕನ್ನಡದಲ್ಲಿ ಚಿಕ್ಕ ಮಕ್ಕಳಿಗೆ ಕಥೆ ಉಂಟು, ದೊಡ್ಡವರಿಗೆ ಕಾದಂಬರಿ ಉಂಟು. ಹದಿಮೂರರಿಂದ ಹದಿನೇಳರವರಿಗೆ ಅಂತಲೇ ಬರೆದದ್ದು ತೀರಾ ಕಮ್ಮಿ. ಆದರೆ ಒಂದು ಪುಸ್ತಕ ನಮ್ಮ ಊರಿನದ್ದೇ ಉಂಟು, ಅದನ್ನು ಯಾರೂ ಈ ಸಾಲಿಗೆ ಸೇರಿಸುವುದಿಲ್ಲ. ಕೋಟದ ಕಾರಂತರ 'ಮೂಕಜ್ಜಿಯ ಕನಸುಗಳು'. 1968ರಲ್ಲಿ ಬಂತು, 1977ರ ಜ್ಞಾನಪೀಠ ಅದಕ್ಕೇ. ಪ್ರಶಸ್ತಿ ಬದಿಗಿರಲಿ, ಕಥೆ ಏನು? ಬಾಲ್ಯದಲ್ಲೇ ವಿಧವೆಯಾದ ಒಬ್ಬಳು ಅಜ್ಜಿ. ಮೊಮ್ಮಗ ಯಾವುದಾದರೂ ಹಳೆಯ ವಸ್ತು ತಂದು ಅವಳ ಕೈಯಲ್ಲಿ ಇಟ್ಟರೆ, ಆ ವಸ್ತುವಿನ ಹಿಂದೆ ಬದುಕಿದವರು ಅವಳಿಗೆ ಕಾಣುತ್ತಾರೆ. ಮೂಳೆಯ ಚೂರು ಮುಟ್ಟಿ ಸಾವಿರ ವರ್ಷ ಹಿಂದಿನದ್ದು ಹೇಳುತ್ತಾಳೆ. ಇದನ್ನೇ ಇಂಗ್ಲಿಷಿನಲ್ಲಿ ಇವತ್ತು ಬರೆದರೆ ಮುಖಪುಟಕ್ಕೆ ಚಂದ್ರ, ಕಾಗೆ ಎಲ್ಲ ಹಾಕಿ ಪ್ಯಾರಾನಾರ್ಮಲ್ ಅಂತ ಮಾರುತ್ತಿದ್ದರು.

ಪೂರ್ತಿ ಪುಸ್ತಕ ಹದಿನಾಲ್ಕಕ್ಕೆ ಬೇಡ. ಅಜ್ಜಿ ದೇವರ ಬಗ್ಗೆ, ಗಂಡು ಹೆಣ್ಣಿನ ಬಗ್ಗೆ ಮುಚ್ಚುಮರೆ ಇಲ್ಲದೆ ಮಾತಾಡುತ್ತಾಳೆ. ಅದು ಪಿಯುಸಿಯಲ್ಲಿ ಓದಲಿ, ಓದಲೇಬೇಕು. ಈಗ ಶುರುವಿನ ಭಾಗ ಸಾಕು. ನನ್ನದೊಂದು ಕೋರಿಕೆ, ಅದನ್ನು ನಿಮ್ಮ ಅತ್ತೆಯವರಿಂದ ಓದಿಸಿ. ಪುಸ್ತಕ ಬೇಡ ಅನ್ನುವವರ ಬಾಯಿಂದಲೇ ಬರಲಿ. ಗಂಡನನ್ನು ಕಳೆದುಕೊಂಡು ನಾಲ್ಕು ತಿಂಗಳೂ ಆಗಿಲ್ಲ ಅವರಿಗೆ. ಅವರನ್ನು ಯಾರು ಮಾತಾಡಿಸುತ್ತಿದ್ದಾರೆ?

ಉರ್ವದ ಅಮ್ಮ

ಐದು ವಾರ ಆಯಿತು, ಉತ್ತರ ಬರೆಯದೆ ಇದ್ದದ್ದಕ್ಕೆ ಕ್ಷಮಿಸಿ. ಮಳೆ, ಕರೆಂಟಿಲ್ಲ, ಆಟಿಯ ಕೆಲಸ.

'ಗ್ರೇವ್‌ಯಾರ್ಡ್ ಬುಕ್' ತರಿಸಿದೆ. ಮೊದಲ ಅಧ್ಯಾಯ ಭಾನುವಾರ ಬೆಳಿಗ್ಗೆ ಜಗಲಿಯಲ್ಲಿ ಕೂತು ಇಬ್ಬರೂ ಓದಿದೆವು. ಚೂರಿ ಬಂದಾಗ ಅವಳು ನನ್ನ ಮುಖ ನೋಡಿದಳು, ನಾನು ಹೆದರಿದ್ದೇನಾ ಅಂತ. ಎಂಟು ಅಧ್ಯಾಯಕ್ಕೆ ಹತ್ತು ದಿನ ಹಿಡಿಯಿತು. ಕೊನೆಯದನ್ನು ಓದಿದ ದಿನ ರೂಮಿನಿಂದ ಹೊರಗೆ ಬಂದು ಸೀದಾ ಅಜ್ಜನ ಕುರ್ಚಿಯಲ್ಲಿ ಕೂತಳು. ಮಾರ್ಚ್‌ನಿಂದ ಆ ಕುರ್ಚಿಯಲ್ಲಿ ಯಾರೂ ಕೂತಿರಲಿಲ್ಲ. ಅಲ್ಲೇ ಅತ್ತಳು. ನಾನು ತಡೆಯಲಿಲ್ಲ.

ಮೂಕಜ್ಜಿಯನ್ನು ಅತ್ತೆಯ ಕೈಗೆ ಕೊಡಲು ನನಗೆ ಧೈರ್ಯ ಬರಲಿಲ್ಲ, ಮಗಳೇ ಕೊಟ್ಟಳು. ಕರೆಂಟ್ ಹೋದ ಸಂಜೆ ಅತ್ತೆ ಕನ್ನಡಕ ಹಾಕಿ ಕ್ಯಾಂಡಲ್ ಹತ್ತಿರ ಓದಿದರು, ನಾಲ್ಕು ಪುಟ. ಆಮೇಲೆ ಪುಸ್ತಕ ಮಡಿಲಲ್ಲಿ ಇಟ್ಟುಕೊಂಡು ತಮ್ಮದೇ ಕಥೆ ಶುರು ಮಾಡಿದರು. ಹದಿನಾರು ವರ್ಷ ಸಂಸಾರ ಮಾಡಿದ ನನಗೇ ಗೊತ್ತಿರಲಿಲ್ಲ. ಅವರಿಗೆ ಒಬ್ಬ ಅಕ್ಕ ಇದ್ದರಂತೆ, ಮೂರು ವರ್ಷಕ್ಕೆ ಜ್ವರ ಬಂದು ಹೋದವರು. ಎಷ್ಟೋ ವರ್ಷದ ಮೇಲೆ ಮನೆಯಲ್ಲಿ ಒಂದರ ಮೇಲೊಂದು ತೊಂದರೆ ಬಂದು ಪ್ರಶ್ನೆ ಇಡಿಸಿದಾಗ ಅವಳು ಕಾಣಿಸಿದಳಂತೆ. ಆಟಿಯಲ್ಲಿ ಕುಲೆ ಮದುವೆ ಮಾಡಿದರು. ಹಾಗೇ ಚಿಕ್ಕಂದಿನಲ್ಲಿ ತೀರಿದ ಒಂದು ಗಂಡು ಹುಡುಕಿ. ಎರಡು ಮಣೆ, ಒಂದರ ಮೇಲೆ ಸೀರೆ, ಇನ್ನೊಂದರ ಮೇಲೆ ಪಂಚೆ. ನೆಂಟರೆಲ್ಲ ಊಟ ಮಾಡಿ ಹೋದರಂತೆ, ನಿಜವಾದ ಮದುವೆಯ ಹಾಗೆ.

ಮಗಳು ಕೇಳಿದಳು, "ಅಜ್ಜಿ, ಅವರು ಮೂರು ವರ್ಷದ ಮಗು ಅಲ್ವಾ? ಮದುವೆ ಯಾಕೆ ಬೇಕಿತ್ತು?"

ಅತ್ತೆ ಹೇಳಿದರು, "ಅವಳು ಅಲ್ಲಿ ಬೆಳೀತಾ ಇದ್ದಳಲ್ಲ ಮಗಾ. ಅಮ್ಮ ಪ್ರತಿ ವರ್ಷ ಲೆಕ್ಕ ಇಡ್ತಿದ್ದರು."

ಮೊನ್ನೆ ಆಟಿಯಲ್ಲಿ ಮಾವನಿಗೆ ಬಡಿಸಿದೆವು. ಪತ್ರೊಡೆ, ಕೋಳಿ, ಅವರಿಗೆ ಇಷ್ಟವಾದ ಹಲಸಿನ ಬೀಜದ ಪಲ್ಯ. ಬೀಜ ಸುಲಿದದ್ದು ಮಗಳು. ಎಲೆ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಂತಾಗ, ಅವಳು ಬಾಗಿಲಿನ ಹತ್ತಿರ ಹೋಗಿ ಮೆಲ್ಲಗೆ ಏನೋ ಹೇಳಿದಳು. ಏನು ಅಂತ ನಾನು ಕೇಳಿಲ್ಲ.

ಟಾರ್ಚ್ ಈಗ ಅಡುಗೆಮನೆಯಲ್ಲಿ ಉಂಟು. ಅಜ್ಜರಕಾಡಿನ ಓದುಗಿ, ನಿಮ್ಮ ಫೋಟೋ ಪುಸ್ತಕ ಈಗ ಓದುತ್ತಿದ್ದಾಳೆ. ಅಜ್ಜನ ಸೀನ್ ಬಗ್ಗೆ ಮೊದಲೇ ಹೇಳಿದ್ದೆ, ಆ ಪುಟ ನನ್ನ ಪಕ್ಕ ಕೂತು ಓದಿದಳು. ಟೀಚರ್, ಅವಳು ನಿಮ್ಮ ರಿಜಿಸ್ಟರಿನಲ್ಲಿ ಒಂದು ಸಾಲು ಬರೆಯಬೇಕಂತೆ. ಬರಬಹುದಾ?

ಬ್ರಹ್ಮಾವರದ ಟೀಚರ್

ಬನ್ನಿ, ಖಂಡಿತ ಬನ್ನಿ. ಅತ್ತೆಯವರನ್ನೂ ಕರೆದುಕೊಂಡು ಬನ್ನಿ, ಅವರ ಅಕ್ಕನ ಕಥೆ ನಮ್ಮ ಮಕ್ಕಳಿಗೂ ಹೇಳುವ ಮನಸ್ಸಿದ್ದರೆ ಹೇಳಲಿ.

ಶನಿವಾರ ಬೆಳಿಗ್ಗೆ ಒಂಬತ್ತೂವರೆಗೆ ಬ್ರಹ್ಮಾವರಕ್ಕೆ ತಲುಪಿದರೆ ಸಾಕು. ಮೊದಲು ಬಾರ್ಕೂರಿಗೆ ಹೋಗೋಣ, ಹತ್ತಿರವೇ. ಕತ್ತಲೆ ಬಸದಿಯ ಕಂಬಗಳ ನಡುವೆ ಕೂತು ಮಗಳಿಗೆ ಕುಂಡೋದರ ಎಂಬ ಭೂತದ ಕಥೆ ಹೇಳುತ್ತೇನೆ. ಹೊಸ ಹಡಗು ನೀರಿಗೆ ಇಳಿಸಲು ಅದು ರಾಜನ ಮಗನನ್ನೇ ಬಲಿ ಕೇಳಿತು. ರಾಜನ ಹೆಂಡತಿ ತನ್ನ ಮಕ್ಕಳನ್ನು ಕೊಡಲಿಲ್ಲ, ರಾಜನ ತಂಗಿ ತನ್ನ ಮಗನನ್ನು ತಂದು ನಿಲ್ಲಿಸಿದಳು. ಆಮೇಲೆ ಕುಂಡೋದರ ಏನು ಮಾಡಿತು, ನಮ್ಮಲ್ಲಿ ಆಸ್ತಿ ಸೋದರಳಿಯನಿಗೆ ಹೋಗುವ ಕಟ್ಟು ಹೇಗೆ ಬಂತು ಅಂತ ಅಲ್ಲೇ ಹೇಳುತ್ತೇನೆ. ಅದಕ್ಕೆ ಎಂಥ ಬೇಕಿತ್ತು ಅಂತ ಅವಳು ಹೇಳಲಿ.

ಆ ಎಂಟನೇ ಕ್ಲಾಸಿನ ಹುಡುಗ ಈಗ ಪಿಯುಸಿ. ಅವನೂ ಶನಿವಾರ ಬರುತ್ತಾನೆ, ಚಿಕ್ಕವರಿಗೆ ಪುಸ್ತಕ ತೆಗೆದುಕೊಡುವ ಕೆಲಸ ಅವನದ್ದೇ. ಬಸದಿಯ ಕಲ್ಲು ಮಳೆಗೆ ಜಾರುತ್ತದೆ, ಅತ್ತೆಯವರಿಗೆ ಹಿಡಿತ ಇರುವ ಚಪ್ಪಲಿ ಹಾಕಿಸಿ. ಛತ್ರಿ ಮರೆಯಬೇಡಿ.